83% ಎಂಬ ಅಂಕಿ, 2+ ಎಂಬ ಗುರುತು: ಗ್ವಾಂಗ್‌ಝೌನ ಸೊಸೆಯ ಸ್ತನ ಕ್ಯಾನ್ಸರ್

ಪ್ರಶ್ನೆ: ನನ್ನ ಮಗ ಒಂಬತ್ತು ವರ್ಷದಿಂದ ಚೀನಾದ ಗ್ವಾಂಗ್‌ಝೌನಲ್ಲಿ ಕೆಲಸದಲ್ಲಿದ್ದಾನೆ. ಸೊಸೆ ಅಲ್ಲಿಯವಳೇ, 43 ವರ್ಷ. ಹೋದ ತಿಂಗಳು ಅವಳ ಬಲ ಸ್ತನದಲ್ಲಿ 2.6 ಸೆಂ.ಮೀ. ಗಡ್ಡೆ ಸಿಕ್ಕಿದೆ, ಕಂಕುಳಿನ ಒಂದು ಗ್ರಂಥಿಗೂ ಬಂದಿದೆಯಂತೆ. ಬಯಾಪ್ಸಿ ರಿಪೋರ್ಟ್‌ನಲ್ಲಿ ಇಆರ್ 80%, ಪಿಆರ್ 40%, ಹರ್2 2+, ಕೆಐ-67 30% ಎಂದಿದೆ. ಆಪರೇಷನ್ನಿಗೆ ಮೊದಲು ಕೀಮೋ ಎನ್ನುತ್ತಿದ್ದಾರೆ. ಐದು ವರ್ಷ ಬದುಕುವವರು ಚೀನಾದಲ್ಲಿ 83%, ಅಮೆರಿಕದಲ್ಲಿ 90% ಎಂದು ಓದಿ ಗಾಬರಿಯಾಗಿದೆ. ಚೀನೀಯರಿಗೆ ಚಿಕ್ಕ ವಯಸ್ಸಿನಲ್ಲೇ ಬರುತ್ತದೆ, ಜೋರಾಗಿರುತ್ತದೆ ಎಂದೂ ಓದಿದೆ. ಬೆಂಗಳೂರಿಗೆ ಕರೆಸಿಕೊಳ್ಳಲೇ? ಸ್ತನ ಪೂರ್ತಿ ತೆಗೆಯಲೇಬೇಕೇ? ಅವರ ಮನೆಯಲ್ಲಿ ದಿನಾ ತೋಫು ತಿನ್ನುತ್ತಾರೆ, ಬಿಡಿಸಬೇಕೇ? – ಶಿವಮೊಗ್ಗದ ಒಬ್ಬ ತಾಯಿ

ಉತ್ತರ:

ತಾಯಿ, 83ರ ವಿಷಯಕ್ಕೆ ಆಮೇಲೆ ಬರೋಣ. ನಿಮ್ಮ ಪತ್ರದಲ್ಲಿ ಅದಕ್ಕಿಂತ ತುರ್ತಾದದ್ದು ಒಂದಿದೆ: ‘ಹರ್2 2+’ ಎಂಬ ಸಣ್ಣ ಗುರುತು. ಇವತ್ತೇ ಮಗನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: “ಫಿಶ್ ಟೆಸ್ಟ್ ರಿಪೋರ್ಟ್ ಬಂತಾ?”

ರಿಪೋರ್ಟಿನ ಇಆರ್, ಪಿಆರ್ ಎಂದರೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ಹಿಡಿಯುವ ಗ್ರಾಹಕಗಳು; ಕೆಐ-67 ಎಂದರೆ ಜೀವಕೋಶಗಳು ಎಷ್ಟು ಬೇಗ ಹೆಚ್ಚುತ್ತಿವೆ ಎಂಬುದರ ಅಳತೆ. ಹರ್2 ಎನ್ನುವುದು ಜೀವಕೋಶದ ಹೊರಪೊರೆಯ ಮೇಲಿರುವ ಒಂದು ಪ್ರೋಟೀನು. ಗಡ್ಡೆಯ ಚೂರನ್ನು ತೆಳುವಾಗಿ ಕೊಯ್ದು, ಗಾಜಿನ ಪಟ್ಟಿಯ ಮೇಲಿಟ್ಟು, ಬಣ್ಣ ಹತ್ತಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಜೀವಕೋಶಗಳ ಸುತ್ತ ದಪ್ಪ ಕಂದು ಉಂಗುರ ಪೂರ್ತಿ ಕಟ್ಟಿಕೊಂಡಿದ್ದರೆ 3+, ಅಂದರೆ ಪಾಸಿಟಿವ್. ಬಣ್ಣ ಹತ್ತದಿದ್ದರೆ 0, ಅಲ್ಲಲ್ಲಿ ಮಸುಕಾಗಿ ಹತ್ತಿದ್ದರೆ 1+, ಇವೆರಡೂ ನೆಗೆಟಿವ್. ನಡುವಿನ 2+ ಎಂದರೆ ಬಣ್ಣ ನೋಡಿ ತೀರ್ಮಾನಿಸಲು ಆಗಲಿಲ್ಲ ಎಂದರ್ಥ. ಆಗ ಅದೇ ಚೂರಿನ ಮೇಲೆ ಫಿಶ್ ಎಂಬ ವಂಶವಾಹಿ ಪರೀಕ್ಷೆ ಮಾಡಬೇಕು. ಅದರಲ್ಲಿ ಜೀವಕೋಶದೊಳಗೆ ಹರ್2 ವಂಶವಾಹಿಯ ಪ್ರತಿಗಳು ಹೊಳೆಯುವ ಚುಕ್ಕೆಗಳಾಗಿ ಕಾಣುತ್ತವೆ, ಅವನ್ನು ಎಣಿಸುತ್ತಾರೆ. ಹರ್2 ಪ್ರತಿಗಳಿಗೂ ಅದೇ ವರ್ಣತಂತುವಿನ ಇನ್ನೊಂದು ಗುರುತಿಗೂ ಇರುವ ಅನುಪಾತ 2 ಅಥವಾ ಹೆಚ್ಚಿದ್ದು, ಒಂದು ಜೀವಕೋಶಕ್ಕೆ ಸರಾಸರಿ 4 ಅಥವಾ ಹೆಚ್ಚು ಪ್ರತಿಗಳಿದ್ದರೆ ಪಾಸಿಟಿವ್. ಅನುಪಾತ 2ಕ್ಕಿಂತ ಕಡಿಮೆ, ಪ್ರತಿಗಳೂ 4ಕ್ಕಿಂತ ಕಡಿಮೆ ಇದ್ದರೆ ನೆಗೆಟಿವ್. ಎರಡಕ್ಕೂ ಸರಿಹೊಂದದ ಅಂಕಿ ಬಂದರೆ ಇನ್ನೊಬ್ಬರು ಮತ್ತೆ ಎಣಿಸಬೇಕು. ಇದಕ್ಕೆ ಕೆಲವು ದಿನ ಹಿಡಿಯುತ್ತದೆ. ಆ ಕೆಲವು ದಿನ ಕಾದರೆ ಕ್ಯಾನ್ಸರ್ ಕೈಮೀರಿ ಹೋಗುವುದಿಲ್ಲ. ಫಿಶ್ ಬಾರದೆ ಮೊದಲ ಕೀಮೋ ಹಾಕಿಸಿಕೊಂಡರೆ ಮಾತ್ರ ಯಾವ ಔಷಧ ಬೇಕಿತ್ತು ಎಂಬುದೇ ಗೊತ್ತಿಲ್ಲದೆ ಶುರು ಮಾಡಿದಂತಾಗುತ್ತದೆ.

ಏಕೆಂದರೆ ಅಲ್ಲಿಂದ ಮುಂದೆ ದಾರಿ ಎರಡಾಗುತ್ತದೆ.

ಫಿಶ್ ಪಾಸಿಟಿವ್ ಬಂದರೆ ಆಪರೇಷನ್ನಿಗೆ ಮೊದಲೇ ಔಷಧ ಎಂಬ ಅಲ್ಲಿನ ವೈದ್ಯರ ಮಾತು ಪೂರ್ತಿ ಸರಿ. ಸಾಮಾನ್ಯವಾಗಿ ಡೊಸಿಟಾಕ್ಸೆಲ್, ಕಾರ್ಬೊಪ್ಲಾಟಿನ್ ಎಂಬ ಕೀಮೋ ಔಷಧಗಳ ಜೊತೆಗೆ ಹರ್2 ಅನ್ನೇ ಗುರಿ ಮಾಡುವ ಟ್ರಾಸ್ಟುಜುಮ್ಯಾಬ್ ಮತ್ತು ಪರ್ಟುಜುಮ್ಯಾಬ್, ಮೂರು ವಾರಕ್ಕೊಮ್ಮೆಯಂತೆ ಆರು ಸಲ. ಟ್ರಾಸ್ಟುಜುಮ್ಯಾಬ್ ಮೊದಲ ಸಲ ತೂಕದ ಕಿಲೋಗೆ 8 ಮಿ.ಗ್ರಾಂ., ಆಮೇಲೆ 6. ಪರ್ಟುಜುಮ್ಯಾಬ್ ಮೊದಲು 840 ಮಿ.ಗ್ರಾಂ., ಆಮೇಲೆ 420. ಆಪರೇಷನ್ ಆದ ಮೇಲೂ ಈ ಕೊನೆಯ ಎರಡನ್ನು ಒಟ್ಟು ಒಂದು ವರ್ಷ ತುಂಬುವವರೆಗೆ ಕೊಡುತ್ತಾರೆ. ತೆಗೆದ ಭಾಗದಲ್ಲಿ ಜೀವಂತ ಕ್ಯಾನ್ಸರ್ ಉಳಿದಿದ್ದರೆ ಟಿ-ಡಿಎಂ1 ಎಂಬ ಔಷಧಕ್ಕೆ ಬದಲಿಸಿ 14 ಸಲ. ಈ ಔಷಧಗಳು ಹೃದಯದ ಪಂಪ್ ಮಾಡುವ ಶಕ್ತಿಯನ್ನು ಕುಗ್ಗಿಸಬಹುದು. ಹಾಗಾಗಿ ಶುರುವಿನಲ್ಲಿ ಒಂದು ಎಕೋ (ಹೃದಯದ ಅಲ್ಟ್ರಾಸೌಂಡ್), ಆಮೇಲೆ ಮೂರು ತಿಂಗಳಿಗೊಂದು. ಎಕೋದಲ್ಲಿ ಆ ಶಕ್ತಿಯ ಅಂಕಿ ಮೊದಲಿಗಿಂತ 10 ಇಳಿದು 50ಕ್ಕಿಂತ ಕೆಳಗೆ ಹೋದರೆ ಔಷಧ ತಡೆಹಿಡಿಯುತ್ತಾರೆ. ಬಹುಪಾಲು ಜನರಲ್ಲಿ ಅದು ಮತ್ತೆ ಮೇಲೇರುತ್ತದೆ.

ಫಿಶ್ ನೆಗೆಟಿವ್ ಬಂದರೆ ಇದು ಹಾರ್ಮೋನಿನ ಮೇಲೆ ಬದುಕುವ ಕ್ಯಾನ್ಸರ್. ಈ ಬಗೆ ಆಪರೇಷನ್ನಿಗೆ ಮೊದಲಿನ ಕೀಮೋಗೆ ಪೂರ್ತಿ ಕರಗುವುದು ಅಪರೂಪ. ಗಡ್ಡೆ ಕುಗ್ಗಿದರೆ ಸ್ತನ ಉಳಿಸಬಹುದು ಎಂಬ ಉದ್ದೇಶವಿದ್ದರೆ ಕೀಮೋ ಮೊದಲು ಕೊಡುವುದರಲ್ಲಿ ಅರ್ಥವಿದೆ. ಇಲ್ಲದಿದ್ದರೆ ಆಪರೇಷನ್ನೇ ಮೊದಲಾಗಬಹುದು. “ಏನು ಸಾಧಿಸಲು ಕೀಮೋ ಮೊದಲು?” ಎಂದು ಕೇಳುವ ಹಕ್ಕು ನಿಮ್ಮ ಸೊಸೆಗಿದೆ. ಒಟ್ಟಾರೆ ಕೀಮೋ ಬೇಕೇ ಎಂದರೆ, 43ರ ವಯಸ್ಸು, ಮುಟ್ಟು ನಿಂತಿಲ್ಲ, ಗ್ರಂಥಿಗೆ ಬಂದಿದೆ. ಈ ಮೂರೂ ಕೂಡಿದಾಗ ಕೀಮೋದಿಂದ ಲಾಭವಿದೆ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ.

ಯಾವ ದಾರಿಯಾದರೂ, ಕೀಮೋ ಮೊದಲು ಎಂದಾದರೆ ಗಡ್ಡೆಯ ನಡುವೆ ಒಂದು ಲೋಹದ ಕ್ಲಿಪ್ ಕೂರಿಸಿರಬೇಕು. ಅಕ್ಕಿಕಾಳಿಗಿಂತಲೂ ಚಿಕ್ಕದು, ಸೂಜಿಯ ಮೂಲಕ ಅಲ್ಟ್ರಾಸೌಂಡ್ ನೋಡುತ್ತ ಇಡುತ್ತಾರೆ. ಔಷಧ ಚೆನ್ನಾಗಿ ಕೆಲಸ ಮಾಡಿ ಗಡ್ಡೆ ಕರಗಿಹೋದರೆ ಸರ್ಜನ್ನರಿಗೆ ಕೊಯ್ಯಬೇಕಾದ ಜಾಗವೇ ಸಿಗುವುದಿಲ್ಲ. ಎಷ್ಟೋ ಕಡೆ ಇದನ್ನು ಮರೆತು, ಕೊನೆಗೆ ಜಾಗ ಗೊತ್ತಾಗದೆ ಪೂರ್ತಿ ಸ್ತನ ತೆಗೆಯುವುದುಂಟು. ಕಂಕುಳಿನ ಆ ಗ್ರಂಥಿಗೂ ಗುರುತು ಇಟ್ಟರೆ ಇನ್ನೂ ಒಳ್ಳೆಯದು. ಆಗ ಕೀಮೋ ಮುಗಿದ ಮೇಲೆ ಆ ಗ್ರಂಥಿಯನ್ನೂ ಅಕ್ಕಪಕ್ಕದ ಕೆಲವನ್ನೂ ಮಾತ್ರ ತೆಗೆದು ನೋಡಬಹುದು, ಇಡೀ ಕಂಕುಳು ಖಾಲಿ ಮಾಡಿ ಮುಂದೆ ಕೈ ಊದಿಕೊಳ್ಳುವ ಕಷ್ಟ ತಪ್ಪಬಹುದು.

ರಿಪೋರ್ಟಿನ ಬಗ್ಗೆ ಅನುಮಾನ ಬಂದರೆ ಎರಡನೇ ಕಡೆ ತೋರಿಸಲು ಬೇಕಾದ್ದು ಕಾಗದವಲ್ಲ, ಗಡ್ಡೆಯ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಮತ್ತು ಗಾಜಿನ ಪಟ್ಟಿ. ಈ ಪರೀಕ್ಷೆಗಳು ತಪ್ಪುವುದು ಹೆಚ್ಚಾಗಿ ಬಾಟಲಿಯಲ್ಲೇ. ತೆಗೆದ ಚೂರು ಒಂದು ಗಂಟೆಯೊಳಗೆ ಫಾರ್ಮಲಿನ್ ಎಂಬ, ಕೆಡದಂತೆ ಕಾಯುವ ದ್ರವಕ್ಕೆ ಬೀಳಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು. ಸರಿಯಾಗಿ ನೆನೆಯದ ಚೂರಿನಲ್ಲಿ ಇರುವ ಇಆರ್ ಕೂಡ ಇಲ್ಲವೆಂದು ಕಾಣಬಹುದು. ನಿಮ್ಮ ಸೊಸೆಗೆ ಇಆರ್ 80% ಎಂದು ಸ್ಪಷ್ಟವಾಗಿ ಬಂದಿರುವುದರಿಂದ ಆ ಮಟ್ಟಿಗೆ ಚಿಂತೆಯಿಲ್ಲ.

ಕೀಮೋಗೆ ಮೊದಲು ಮಾಡಿಸಲೇಬೇಕಾದ ಇನ್ನೊಂದು ರಕ್ತಪರೀಕ್ಷೆ ಇದೆ, ಚೀನಾದಲ್ಲಿ ಹುಟ್ಟಿದವರ ವಿಷಯದಲ್ಲಿ ಇದಕ್ಕೆ ವಿಶೇಷ ತೂಕ: ಹೆಪಟೈಟಿಸ್ ಬಿ. ಚೀನಾ ಹುಟ್ಟಿದ ಮಕ್ಕಳಿಗೆಲ್ಲ ಈ ಲಸಿಕೆ ಹಾಕಲು ಶಿಫಾರಸು ಮಾಡಿದ್ದು 1992ರಲ್ಲಿ, ಉಚಿತ ಲಸಿಕೆಗಳ ಪಟ್ಟಿಗೆ ಸೇರಿಸಿದ್ದು 2002ರಲ್ಲಿ. ನಿಮ್ಮ ಸೊಸೆ ಹುಟ್ಟಿದ್ದು ಅದಕ್ಕೂ ಮೊದಲು. 2006ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 1ರಿಂದ 59 ವರ್ಷದವರಲ್ಲಿ ಸುಮಾರು 7.2% ಜನರ ರಕ್ತದಲ್ಲಿ ಈ ವೈರಸ್ಸಿನ ಗುರುತಿತ್ತು. ಎಷ್ಟೋ ಜನರಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಕೀಮೋ ಮತ್ತು ಅದರ ಜೊತೆಯ ಸ್ಟಿರಾಯ್ಡ್‌ನಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಮಲಗಿದ್ದ ವೈರಸ್ ಎದ್ದು ಲಿವರನ್ನು ಕೆಡಿಸುತ್ತದೆ, ಆಗ ಕೀಮೋ ಅರ್ಧಕ್ಕೆ ನಿಲ್ಲುತ್ತದೆ, ಕೆಲವೊಮ್ಮೆ ಜೀವಕ್ಕೇ ಬರುತ್ತದೆ. ರಕ್ತದಲ್ಲಿ ಸರ್ಫೇಸ್ ಆಂಟಿಜನ್ ಮತ್ತು ಕೋರ್ ಆಂಟಿಬಾಡಿ ಎಂಬ ಎರಡು ಗುರುತುಗಳನ್ನೂ ನೋಡಬೇಕು. ಆಂಟಿಜನ್ ಪಾಸಿಟಿವ್ ಇದ್ದರೆ ಕೀಮೋಗೆ ಮೊದಲೇ ವೈರಸ್ ತಡೆಯುವ ಎಂಟೆಕಾವಿರ್ ಅಥವಾ ಟೆನೋಫೋವಿರ್ ಮಾತ್ರೆ ಶುರುವಾಗಬೇಕು, ಕೀಮೋ ಮುಗಿದ ಮೇಲೂ ತಿಂಗಳುಗಟ್ಟಲೆ ಮುಂದುವರಿಯಬೇಕು. ಎಂಟೆಕಾವಿರ್ ಆದರೆ ಸಾಮಾನ್ಯ ಪ್ರಮಾಣ ದಿನಕ್ಕೆ 0.5 ಮಿ.ಗ್ರಾಂ., ಖಾಲಿ ಹೊಟ್ಟೆಯಲ್ಲಿ. ಕೀಮೋ ಮುಗಿಯಿತೆಂದು ತಾವೇ ಮಾತ್ರೆ ನಿಲ್ಲಿಸುವವರಲ್ಲೇ ವೈರಸ್ ತಿರುಗಿ ಬೀಳುವುದು ಹೆಚ್ಚು.

ಈಗ ನಿಮ್ಮ ಗಾಬರಿಯ ಅಂಕಿಗೆ ಬರುತ್ತೇನೆ.

ಆ ಅಂಕಿಗಳು ಕಾಂಕಾರ್ಡ್-3 ಎಂಬ ಜಾಗತಿಕ ಅಧ್ಯಯನದವು. 2010ರಿಂದ 2014ರವರೆಗೆ ರೋಗ ಪತ್ತೆಯಾದವರಲ್ಲಿ ಐದು ವರ್ಷ ಬದುಕುಳಿದವರ ಪ್ರಮಾಣ ಅಮೆರಿಕದಲ್ಲಿ 90.2%, ಚೀನಾದಲ್ಲಿ 83.2%, ಭಾರತದಲ್ಲಿ 66.1%. ಮೂರನೆಯ ಅಂಕಿ ನಿಮ್ಮ ಕಣ್ಣಿಗೆ ಬಿದ್ದಿರಲಿಲ್ಲವೆಂದು ಕಾಣುತ್ತದೆ. ಈ ಅಂತರಕ್ಕೆ ಚೀನೀ ಹೆಂಗಸರ ಮೈಯಲ್ಲಿ ಕಾರಣ ಹುಡುಕಬೇಡಿ. ಅಮೆರಿಕದಲ್ಲಿ ಮ್ಯಾಮೊಗ್ರಾಂನಿಂದ ಕೈಗೆ ಸಿಗದಷ್ಟು ಸಣ್ಣ ಗಡ್ಡೆಗಳೇ ರಾಶಿಯಾಗಿ ಸಿಗುತ್ತವೆ, ಅವರ ಸರಾಸರಿ ತಾನಾಗಿಯೇ ಮೇಲೇರುತ್ತದೆ. ಚೀನಾದ ಏಳು ಪ್ರದೇಶಗಳ ಆಸ್ಪತ್ರೆಗಳಲ್ಲಿ 1999ರಿಂದ 2008ರವರೆಗಿನ 4,211 ರೋಗಿಗಳನ್ನು ನೋಡಿದಾಗ ಒಂದನೇ ಹಂತದಲ್ಲಿ ಸಿಕ್ಕವರು 15.7% ಮಾತ್ರ, ಎರಡನೇ ಹಂತದವರು 44.9%. ಹೆಚ್ಚಿನವರು ಆಸ್ಪತ್ರೆಗೆ ಬಂದದ್ದು ಗಡ್ಡೆ ಕೈಗೆ ತಾಗಿದ ಮೇಲೆ. ಹಳ್ಳಿ-ಪಟ್ಟಣದ ವ್ಯತ್ಯಾಸವೂ ಅದೇ 83ರೊಳಗೆ ಅಡಗಿದೆ. ಚೀನಾದ 17 ಕ್ಯಾನ್ಸರ್ ನೋಂದಣಿ ಕೇಂದ್ರಗಳ ಲೆಕ್ಕದಲ್ಲಿ ಇದೇ ಪ್ರಮಾಣ 2003–05ರಲ್ಲಿ 73.1% ಇದ್ದದ್ದು 2012–15ಕ್ಕೆ 82.0%ಕ್ಕೆ ಏರಿತು. ಹತ್ತು ವರ್ಷದಲ್ಲಿ ಆ ದೇಶದ ಹೆಂಗಸರ ಮೈ ಬದಲಾಗಲಿಲ್ಲ, ಬದಲಾದದ್ದು ಪತ್ತೆ ಮತ್ತು ಚಿಕಿತ್ಸೆ.

ನಿಮ್ಮ ಸೊಸೆಯದು ನೀವು ಬರೆದ ಪ್ರಕಾರ 2ಬಿ ಹಂತ. 2ರಿಂದ 5 ಸೆಂ.ಮೀ. ಒಳಗಿನ ಗಡ್ಡೆ, ಕಂಕುಳಿನಲ್ಲಿ ಅಲ್ಪ ಹರಡಿಕೆ, ದೂರದ ಅಂಗಕ್ಕೆ ಹೋಗಿದೆ ಎಂದು ನೀವು ಬರೆದಿಲ್ಲ. ವಾಸಿ ಮಾಡುವ ಉದ್ದೇಶದಿಂದಲೇ ಚಿಕಿತ್ಸೆ ಕೊಡುವ ಹಂತ ಇದು. 83 ಎನ್ನುವುದು ಒಂದನೇ ಹಂತದಿಂದ ನಾಲ್ಕನೇ ಹಂತದವರೆಗೆ, ಚಿಕಿತ್ಸೆ ಪಡೆದವರು ಅರ್ಧಕ್ಕೆ ಬಿಟ್ಟವರು ಎಲ್ಲರನ್ನೂ ಸೇರಿಸಿದ ಸರಾಸರಿ. ಅದು ನಿಮ್ಮ ಸೊಸೆಯ ಅಂಕಿ ಅಲ್ಲ.

ಆದರೆ ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಇಆರ್ ಪಾಸಿಟಿವ್ ಕ್ಯಾನ್ಸರ್‌ಗೆ ಐದು ವರ್ಷ ಎಂಬುದು ದಾಟಿದರೆ ಮುಗಿಯಿತು ಎನ್ನುವ ಗೆರೆಯಲ್ಲ. ಐದು ವರ್ಷ ಹಾರ್ಮೋನ್ ತಡೆಯುವ ಮಾತ್ರೆ ಮುಗಿಸಿ, ಅಲ್ಲಿಯವರೆಗೆ ರೋಗವಿಲ್ಲದೆ ಇದ್ದವರನ್ನು 20ನೇ ವರ್ಷದವರೆಗೆ ಹಿಂಬಾಲಿಸಿದ ದೊಡ್ಡ ವಿಶ್ಲೇಷಣೆಯಲ್ಲಿ, ಇಂಥದೇ ಗಾತ್ರದ ಗಡ್ಡೆ ಮತ್ತು 1ರಿಂದ 3 ಗ್ರಂಥಿ ಇದ್ದವರಲ್ಲಿ ಸುಮಾರು 26% ಜನರಿಗೆ ಆ ನಂತರದ 15 ವರ್ಷದಲ್ಲಿ ದೂರದ ಅಂಗದಲ್ಲಿ ಮರುಕಳಿಸಿತು. ಅವರೆಲ್ಲ ಹಳೆಯ ಕಾಲದ ಔಷಧ ಪಡೆದವರು, ಈಗಿನವರ ಲೆಕ್ಕ ಇದಕ್ಕಿಂತ ಚೆನ್ನಾಗಿರಬೇಕು. ಹಾಗಿದ್ದರೂ ಮಾತ್ರೆಯ ವರ್ಷಗಳನ್ನು ಪೂರೈಸುವುದು ಆಪರೇಷನ್ನಿನಷ್ಟೇ ಗಂಭೀರ ವಿಷಯ ಎಂಬುದನ್ನು ಈ ಅಂಕಿ ಹೇಳುತ್ತದೆ.

ವಯಸ್ಸಿನ ಮಾತು. ಚೀನಾದಲ್ಲಿ ಈ ರೋಗ ಹೆಚ್ಚು ಕಾಣುವುದು 45ರಿಂದ 55ರ ನಡುವೆ, ಪಾಶ್ಚಾತ್ಯ ದೇಶಗಳಿಗಿಂತ ಹತ್ತು ವರ್ಷಕ್ಕೂ ಮೊದಲು. ನಮ್ಮಲ್ಲೂ ಹೆಚ್ಚುಕಡಿಮೆ ಹಾಗೆಯೇ. ಆದ್ದರಿಂದ 43 ಅಲ್ಲಿ ವಿಚಿತ್ರವಲ್ಲ, ಅದರಿಂದಲೇ ‘ಜೋರಾದ ಜಾತಿ’ ಎಂದೂ ಆಗುವುದಿಲ್ಲ. ಜೋರು ಎಷ್ಟು ಎಂಬುದನ್ನು ಗ್ರೇಡ್ (ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳು ಎಷ್ಟು ಕೆಟ್ಟಂತೆ ಕಾಣುತ್ತವೆ ಎಂಬುದು), ಇಆರ್, ಹರ್2 ಹೇಳುತ್ತವೆ. ಈ ವಯಸ್ಸಿಗೆ, ಸ್ತನ ಕ್ಯಾನ್ಸರ್ ಮನೆತನದಲ್ಲಿ ಬರುವಂತೆ ಮಾಡಬಲ್ಲ ಬಿಆರ್‌ಸಿಎ ವಂಶವಾಹಿಯ ಪರೀಕ್ಷೆ ಕೇಳಿ ಮಾಡಿಸುವುದು ಒಳ್ಳೆಯದು. ಕುಟುಂಬದ ಇತಿಹಾಸ ನೋಡದೆ ಸಾಲಾಗಿ ಪರೀಕ್ಷಿಸಿದ 8,085 ಚೀನೀ ರೋಗಿಗಳಲ್ಲಿ 5.3% ಮಂದಿಗೆ ಈ ದೋಷ ಸಿಕ್ಕಿತ್ತು. ಸಿಕ್ಕರೆ ಆಪರೇಷನ್ ಎಷ್ಟು, ಯಾವ ಔಷಧ ಎಂಬುದು ಬದಲಾಗುತ್ತದೆ, ನಿಮ್ಮ ಮೊಮ್ಮಕ್ಕಳಿಗೂ ಮುಂದೆ ಆ ಮಾಹಿತಿ ಬೇಕು.

ಬೆಂಗಳೂರಿಗೆ ಕರೆಸಬೇಕೇ? ಬೇಡ. ನಿಮ್ಮ ಅಕ್ಕರೆ ಅರ್ಥವಾಗುತ್ತದೆ, ಆದರೆ ಈ ಹೊತ್ತಿನಲ್ಲಿ ಊರು ಬದಲಿಸಿದರೆ ಚಿಕಿತ್ಸೆಯೇ ತಡವಾಗುತ್ತದೆ. ಗ್ವಾಂಗ್‌ಝೌನ ಸುನ್ ಯಾತ್-ಸೆನ್ ವಿಶ್ವವಿದ್ಯಾಲಯದ ಕ್ಯಾನ್ಸರ್ ಕೇಂದ್ರ, ಶಾಂಘೈನ ಫುದಾನ್ ವಿಶ್ವವಿದ್ಯಾಲಯದ ಕ್ಯಾನ್ಸರ್ ಆಸ್ಪತ್ರೆ ಇವೆಲ್ಲ ಜಗತ್ತಿನ ಚಿಕಿತ್ಸಾ ಕ್ರಮ ರೂಪಿಸುವಲ್ಲಿ ಪಾಲುಗೊಂಡ ಸಂಸ್ಥೆಗಳು. ಇಆರ್, ಪಿಆರ್, ಹರ್2 ಮೂರೂ ಇಲ್ಲದ ಟ್ರಿಪಲ್ ನೆಗೆಟಿವ್ ಬಗೆಯಲ್ಲಿ, ಕೀಮೋ ಮುಗಿದ ಮೇಲೆ ಒಂದು ವರ್ಷ ಕಡಿಮೆ ಪ್ರಮಾಣದ ಕ್ಯಾಪೆಸಿಟಾಬಿನ್ ಮಾತ್ರೆ ಕೊಟ್ಟರೆ ಐದು ವರ್ಷ ರೋಗವಿಲ್ಲದೆ ಇರುವವರು 73.0%ರಿಂದ 82.8%ಕ್ಕೆ ಏರುತ್ತಾರೆ ಎಂದು ತೋರಿಸಿದ್ದು ಗ್ವಾಂಗ್‌ಝೌನವರ ಮುಂದಾಳತ್ವದ ಅಧ್ಯಯನವೇ. ನಿಮ್ಮ ಸೊಸೆಗೆ ಅದು ಬೇಕಿಲ್ಲ, ಅಲ್ಲಿನವರ ಮಟ್ಟ ತಿಳಿಯಲಿ ಎಂದು ಹೇಳಿದೆ.

ದುಡ್ಡಿನ ಲೆಕ್ಕವೂ ಅಲ್ಲೇ ಇರಿ ಎನ್ನುತ್ತದೆ. 2017ರಲ್ಲಿ ಚೀನಾ ಸರ್ಕಾರ ಟ್ರಾಸ್ಟುಜುಮ್ಯಾಬನ್ನು ರಾಷ್ಟ್ರೀಯ ವಿಮೆಯ ಪಟ್ಟಿಗೆ ಸೇರಿಸಿದಾಗ, 20,000 ಯುವಾನ್‌ಗೂ ಮೇಲಿದ್ದ 440 ಮಿ.ಗ್ರಾಂ. ಬಾಟಲಿಯ ಬೆಲೆ 7,600ಕ್ಕೆ ಇಳಿಯಿತು. ಅದರಲ್ಲೂ ರೋಗಿ ಕೊಡುವುದು ಒಂದು ಪಾಲು ಮಾತ್ರ. ಪರ್ಟುಜುಮ್ಯಾಬ್ ಆಮೇಲೆ ಅದೇ ಪಟ್ಟಿ ಸೇರಿತು. ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ಇಲ್ಲಿನ ಮಾರುಕಟ್ಟೆಗೆ ತಂದ ಟ್ರಾಸ್ಟುಜುಮ್ಯಾಬ್‌ನಿಂದ ಇಲ್ಲೂ ಬೆಲೆ ಇಳಿಯಿತು, ನಿಜ. ಆದರೆ ಅಲ್ಲಿ ವಿಮೆ ಕಟ್ಟಿದವರು ಇಲ್ಲಿ ಬಂದರೆ ಪೂರ್ತಿ ಕೈಯಿಂದ ಕೊಡಬೇಕು. ಸೊಸೆಯ ವಿಮೆ ಗ್ವಾಂಗ್‌ಝೌನದೋ ತವರಿನದೋ ಎಂದು ಮಗ ಈಗಲೇ ವಿಚಾರಿಸಲಿ. ಬೇರೆ ಊರಿನ ವಿಮೆಯಾದರೆ ಮೊದಲೇ ನೋಂದಾಯಿಸದಿದ್ದಲ್ಲಿ ಮರುಪಾವತಿ ಕಡಿಮೆಯಾಗಬಹುದು. ನಿಮಗೆ ಹೋಗಲು ಸಾಧ್ಯವಾದರೆ ನೀವು ಹೋಗಿ. ಕೀಮೋ ತಿಂಗಳುಗಳಲ್ಲಿ ಮನೆಗೊಬ್ಬರು ಬೇಕು.

ಹೋದರೆ ಒಂದು ಥರ್ಮಾಮೀಟರ್ ಹಾಸಿಗೆಯ ಪಕ್ಕದಲ್ಲೇ ಇರಲಿ. ಡೊಸಿಟಾಕ್ಸೆಲ್‌ನಿಂದ ಬಿಳಿ ರಕ್ತಕಣಗಳ ಸಂಖ್ಯೆ ಬೀಳುವುದು ಏಷ್ಯಾದವರಲ್ಲಿ ಹೆಚ್ಚು. ಪರ್ಟುಜುಮ್ಯಾಬ್‌ನ ಪ್ರಮುಖ ಅಧ್ಯಯನದಲ್ಲಿ ಏಷ್ಯಾದ ರೋಗಿಗಳಲ್ಲಿ ಕಣ ಬಿದ್ದು ಜ್ವರ ಬಂದವರು ಆ ಔಷಧ ಪಡೆದ ಗುಂಪಿನಲ್ಲಿ 26%, ಪಡೆಯದ ಗುಂಪಿನಲ್ಲಿ 12%. ಅದಕ್ಕೇ ಕೀಮೋದ ಮರುದಿನ ಕಣ ಹೆಚ್ಚಿಸುವ ಇಂಜೆಕ್ಷನ್ ಕೊಡುತ್ತಾರೆ, ಅದನ್ನು ತಪ್ಪಿಸಬಾರದು. ಕೀಮೋ ಆದ ಎರಡು ವಾರದೊಳಗೆ ಜ್ವರ 38 ಡಿಗ್ರಿ, ಅಂದರೆ ನಮ್ಮ ಲೆಕ್ಕದಲ್ಲಿ 100.4 ದಾಟಿತೆಂದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ, ಜ್ವರ ಇಳಿದಂತೆ ಕಂಡು ಒಳಗೆ ಸೋಂಕು ಏರುತ್ತಿರುತ್ತದೆ.

ಸ್ತನ ಪೂರ್ತಿ ತೆಗೆಯಲೇಬೇಕೆಂದಿಲ್ಲ. ಗಡ್ಡೆ ಒಂದೇ ಇದ್ದು, ಅಂಚಿನಲ್ಲಿ ಕ್ಯಾನ್ಸರ್ ಉಳಿಯದಂತೆ ತೆಗೆದು, ರೇಡಿಯೇಷನ್ ಕೊಟ್ಟರೆ ಆಯುಷ್ಯದ ಲೆಕ್ಕದಲ್ಲಿ ಸ್ತನ ಉಳಿಸುವುದು, ಪೂರ್ತಿ ತೆಗೆಯುವುದು ಎರಡೂ ಸಮ. ಹಾಗಿದ್ದರೂ ಚೀನಾದಲ್ಲಿ ಪೂರ್ತಿ ತೆಗೆಸುವವರೇ ಹೆಚ್ಚು. ಸ್ತನದ ಗಾತ್ರ ಚಿಕ್ಕದಿದ್ದರೆ ಗಡ್ಡೆ ತೆಗೆದ ಮೇಲೆ ಆಕಾರ ಉಳಿಯದು ಎಂಬುದು ಒಂದು ನಿಜವಾದ ಕಾರಣ. ‘ಉಳಿಸಿದರೆ ಮತ್ತೆ ಬರುತ್ತದೆ’ ಎಂಬ ಭಯ ಇನ್ನೊಂದು; ಅದೇ ಸ್ತನದಲ್ಲಿ ಮರುಕಳಿಸುವ ಸಣ್ಣ ಸಾಧ್ಯತೆ ಇದ್ದರೂ ಅದರಿಂದ ಆಯುಷ್ಯ ಕಡಿಮೆಯಾಗುವುದಿಲ್ಲ. ರೇಡಿಯೇಷನ್ನಿಗೆ ಐದು ವಾರ ಓಡಾಡಬೇಕಲ್ಲ ಎಂಬ ಚಿಂತೆಯೂ ಈಗ ಹಳೆಯದು. ಬೀಜಿಂಗ್‌ನ ತಜ್ಞರು, ಸ್ತನ ಪೂರ್ತಿ ತೆಗೆದ ಹೆಚ್ಚು ಅಪಾಯದ 820 ಹೆಂಗಸರಲ್ಲಿ 25 ಸಲದ 50 ಗ್ರೇ (ಗ್ರೇ ಎಂದರೆ ರೇಡಿಯೇಷನ್ನಿನ ಅಳತೆ) ಬದಲು ಮೂರು ವಾರದಲ್ಲಿ 15 ಸಲ ಒಟ್ಟು 43.5 ಗ್ರೇ ಕೊಟ್ಟು ನೋಡಿದರು. ಐದು ವರ್ಷದಲ್ಲಿ ಅದೇ ಜಾಗದಲ್ಲಿ ಮರುಕಳಿಸಿದ್ದು 8.1% ಮತ್ತು 8.3%, ವ್ಯತ್ಯಾಸವೇ ಇಲ್ಲ. ಸ್ತನ ಉಳಿಸಿದವರಲ್ಲೂ ಅವರದೇ ಇನ್ನೊಂದು ಅಧ್ಯಯನ ಅದನ್ನೇ ತೋರಿಸಿತು. ಕ್ಯಾನ್ಸರ್ ಗ್ರಂಥಿಗೆ ಬಂದಿರುವುದರಿಂದ ಪೂರ್ತಿ ತೆಗೆದರೂ ರೇಡಿಯೇಷನ್ ಬೇಕಾಗುವ ಸಂಭವವಿದೆ ಎಂಬುದನ್ನು ಆಯ್ಕೆಗೆ ಮೊದಲೇ ತಿಳಿದಿರಲಿ. ಅದನ್ನು ತಪ್ಪಿಸಲೆಂದೇ ಸ್ತನ ತೆಗೆಸಿಕೊಂಡು ಆಮೇಲೆ ಕೊರಗುವವರಿದ್ದಾರೆ.

ಹಾರ್ಮೋನ್ ಚಿಕಿತ್ಸೆಯಲ್ಲಿ ಎಡವುವ ಜಾಗ ಒಂದಿದೆ. ಕೀಮೋದಿಂದ ಮುಟ್ಟು ನಿಂತರೆ ಅದು ಮುಟ್ಟು ತೀರಿದಂತೆ ಅಲ್ಲ. 43ರಲ್ಲಿ ಅಂಡಾಶಯ ತಿಂಗಳುಗಳ ಮೇಲೆ ಮತ್ತೆ ಎಚ್ಚರವಾಗಬಹುದು. ಈಸ್ಟ್ರೋಜನ್ ತಯಾರಾಗದಂತೆ ತಡೆಯುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್, ಎಕ್ಸೆಮೆಸ್ಟೇನ್ ಈ ಮಾತ್ರೆಗಳು ಅಂಡಾಶಯ ಕೆಲಸ ಮಾಡುತ್ತಿದ್ದರೆ ಉಪಯೋಗಕ್ಕೆ ಬಾರವು, ಅದನ್ನು ಇನ್ನಷ್ಟು ಕೆರಳಿಸುತ್ತವೆ. ಇವನ್ನು ಕೊಡುವುದಾದರೆ ಅಂಡಾಶಯವನ್ನು ಮಲಗಿಸುವ ಗೊಸೆರೆಲಿನ್ 3.6 ಮಿ.ಗ್ರಾಂ. ಇಂಜೆಕ್ಷನ್ 28 ದಿನಕ್ಕೊಮ್ಮೆ ತಪ್ಪದೆ ಬೀಳಬೇಕು. ನಡುವೆ ರಕ್ತಸ್ರಾವ ಕಂಡರೆ ತಕ್ಷಣ ಎಸ್ಟ್ರಾಡಿಯೋಲ್ (ಅಂಡಾಶಯದ ಮುಖ್ಯ ಹಾರ್ಮೋನು) ಪರೀಕ್ಷಿಸಿ ಎಂದು ಹೇಳಬೇಕು. ಹೊಸವರ್ಷದ ಹಬ್ಬಕ್ಕೆ ತವರಿಗೆ ಹೋದಾಗ ಆ 28ನೇ ದಿನ ಎಲ್ಲಿ ಬೀಳುತ್ತದೆ ಎಂದು ಮೊದಲೇ ನೋಡಿಕೊಳ್ಳಲಿ.

ಈಸ್ಟ್ರೋಜನ್ ಕ್ಯಾನ್ಸರ್‌ಗೆ ತಾಗದಂತೆ ತಡೆಯುವ ಟಮೋಕ್ಸಿಫೆನ್ ದಿನಕ್ಕೆ 20 ಮಿ.ಗ್ರಾಂ. ಕೊಡುವುದಾದರೆ ಇನ್ನೊಂದು ವಿಷಯ. ಆ ಮಾತ್ರೆಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವ ಲಿವರಿನ ಕಿಣ್ವ ಪೂರ್ವ ಏಷ್ಯಾದ ಬಹಳ ಜನರಲ್ಲಿ ಹುಟ್ಟಿನಿಂದಲೇ ಸ್ವಲ್ಪ ಮಂದ. ಅದಕ್ಕಾಗಿ ಎಲ್ಲರಿಗೂ ವಂಶವಾಹಿ ಪರೀಕ್ಷೆ ಮಾಡುವ ರೂಢಿಯಿಲ್ಲ. ಆದರೆ ಮಂದವಿರುವುದನ್ನು ಪೂರ್ತಿ ತಡೆಯುವ ಔಷಧ ಜೊತೆಗೆ ಬೀಳಬಾರದು. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲೂಯಾಕ್ಸೆಟಿನ್, ಸಿಗರೇಟು ಬಿಡಿಸಲೂ ಕೊಡುವ ಬುಪ್ರೊಪಿಯಾನ್ ಬೇಡ. ಮನಸ್ಸಿಗೋ ಮೈ ಬಿಸಿಯೇರುವುದಕ್ಕೋ ಔಷಧ ಬೇಕಾದರೆ ವೆನ್ಲಾಫಾಕ್ಸಿನ್ ಆಗುತ್ತದೆ.

ಇನ್ನು ತೋಫು. ಬಿಡಿಸಬೇಡಿ. ಸೋಯಾದಲ್ಲಿ ಈಸ್ಟ್ರೋಜನ್ನಿನಂಥ ಅಂಶವಿದೆ ಎಂಬುದರಿಂದ ಈ ಹೆದರಿಕೆ ಹುಟ್ಟಿತು. ಇದಕ್ಕೆ ಉತ್ತರವೂ ಚೀನಾದಿಂದಲೇ ಬಂದಿದೆ. ಶಾಂಘೈನಲ್ಲಿ 2002ರಿಂದ 2006ರ ನಡುವೆ ರೋಗ ಪತ್ತೆಯಾದ 5,042 ಹೆಂಗಸರನ್ನು ಸರಾಸರಿ ನಾಲ್ಕು ವರ್ಷದ ಹತ್ತಿರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅತಿ ಹೆಚ್ಚು ಸೋಯಾ ತಿನ್ನುವ ಗುಂಪಿನಲ್ಲಿ ಮರುಕಳಿಕೆ ಅತಿ ಕಡಿಮೆ ತಿನ್ನುವವರಿಗಿಂತ 32% ಕಡಿಮೆ, ಸಾವು 29% ಕಡಿಮೆ. ಇಆರ್ ಪಾಸಿಟಿವ್ ಇದ್ದರೂ ಇಲ್ಲದಿದ್ದರೂ, ಟಮೋಕ್ಸಿಫೆನ್ ತಿನ್ನುತ್ತಿದ್ದರೂ ಇಲ್ಲದಿದ್ದರೂ ಹಾಗೆಯೇ. ಸೋಯಾವೇ ಕಾಪಾಡಿತು ಎಂದು ಇದರಿಂದ ಸಾಬೀತಾಗದು, ಆದರೆ ಕೆಡುಕಿಲ್ಲ ಎನ್ನಲು ಇದು ಸಾಕು. ದಿನಕ್ಕೆ 11 ಗ್ರಾಂ ಸೋಯಾ ಪ್ರೋಟೀನಿನವರೆಗೆ ತಿಂದಷ್ಟೂ ಅಪಾಯ ಇಳಿಯುತ್ತ ಹೋಗಿತ್ತು. ಅಷ್ಟು ಪ್ರೋಟೀನು ನೂರು ಗ್ರಾಂ ಆಸುಪಾಸಿನ ಒಂದು ಗಟ್ಟಿ ತೋಫು ತುಂಡಿನಲ್ಲಿ ಸಿಗುತ್ತದೆ. ಇದು ಊಟದ ಸೋಯಾದ ಮಾತು. ಆ ಈಸ್ಟ್ರೋಜನ್ನಿನಂಥ ಅಂಶವನ್ನೇ ಬೇರೆ ಮಾಡಿದ ಐಸೊಫ್ಲಾವೋನ್ ಮಾತ್ರೆ, ಪುಡಿಗಳಿಗೆ ಇದು ಅನ್ವಯಿಸುವುದಿಲ್ಲ, ಅವು ಬೇಡ.

ಬಿಡಿಸಬೇಕಾದದ್ದು ಗಿಡಮೂಲಿಕೆ. ಕೀಮೋದಿಂದ ಕೂದಲು ಉದುರಿದಾಗ ಅಲ್ಲಿನ ಹಿರಿಯರು ಪ್ರೀತಿಯಿಂದಲೇ ‘ಹೆ ಶೌ ವು’ ಎಂಬ ಬೇರನ್ನು ತಂದುಕೊಡುತ್ತಾರೆ, ಕೂದಲು ಕಪ್ಪಾಗಿ ಬೆಳೆಯುತ್ತದೆಂದು. ಅದರಿಂದ ಲಿವರ್ ಕೆಟ್ಟ ಪ್ರಕರಣಗಳು ಸಾಕಷ್ಟು ದಾಖಲಾಗಿವೆ. ನೀವೂ ಶಿವಮೊಗ್ಗದಿಂದ ಅಮೃತಬಳ್ಳಿ ಪುಡಿ ಕಳಿಸಬೇಡಿ, ಅದರಿಂದಲೂ ಲಿವರಿಗೆ ಪೆಟ್ಟಾದ ವರದಿಗಳು ಮುಂಬೈಯಿಂದ ಬಂದಿವೆ. ಲಿವರಿನ ಅಂಕಿ ಏರಿದರೆ ಅದು ವೈರಸ್ಸಿನಿಂದಲೋ, ಕೀಮೋದಿಂದಲೋ, ಪುಡಿಯಿಂದಲೋ ಎಂದು ಹುಡುಕುತ್ತ ವೈದ್ಯರು ಮುಂದಿನ ಕೀಮೋ ಮುಂದೂಡಬೇಕಾಗುತ್ತದೆ. ಈಗಾಗಲೇ ಏನಾದರೂ ತಿನ್ನುತ್ತಿದ್ದರೆ ಪೊಟ್ಟಣದ ಫೋಟೋ ತೆಗೆದು ಮೊದಲ ಕೀಮೋಗೆ ಮುಂಚೆ ಅಲ್ಲಿನ ವೈದ್ಯರಿಗೆ ತೋರಿಸಲಿ.